ಮೊದಲು ಪಾದ, ಆಮೇಲೆ ಹಲಗೆ

ಹಗ್ಗ ಹಿಡಿದು, ಹಲಗೆಯ ಮೇಲೆ ನಿಂತು ನೀರಿನ ಮೇಲೆ ಸಾಗುವ ವೇಕ್‌ಬೋರ್ಡಿಂಗ್ ಕಲಿಯುವವರಿಗೆ ಮೊದಲ ದಿನಗಳಲ್ಲಿ ಯಾವ ಬೋರ್ಡು ಎಂಬ ಪ್ರಶ್ನೆಯೇ ಏಳುವುದಿಲ್ಲ. ಸ್ನೇಹಿತರ ದೋಣಿಯಲ್ಲಿ ಬಿದ್ದಿರುವುದೋ, ಕೇಬಲ್ ಪಾರ್ಕಿನವರು ಬಾಡಿಗೆಗೆ ಕೊಡುವುದೋ, ಸಿಕ್ಕಿದ್ದನ್ನು ಕಾಲಿಗೆ ಕಟ್ಟಿಕೊಂಡು ನೀರಿಗಿಳಿಯುತ್ತಾರೆ. ಏಳುವುದು, ಬೀಳುವುದು, ಮೂಗಿಗೆ ನೀರು ನುಗ್ಗುವುದು ಇಷ್ಟರಲ್ಲೇ ಆ ದಿನಗಳು ಕಳೆಯುತ್ತವೆ. ಪ್ರಶ್ನೆ ಹುಟ್ಟುವುದು ಎರಡನೇ ಹಂತದಲ್ಲಿ. ನಿಲ್ಲುವುದು ಸಲೀಸಾಗಿದೆ. ದೋಣಿಯ ಹಿಂದೆ ಕವಲೊಡೆದು ಏಳುವ ಎರಡು ಅಲೆಗಳನ್ನು ಅತ್ತಿಂದಿತ್ತ ದಾಟಲು ಬರುತ್ತದೆ, ಅಲೆಯ ನೆತ್ತಿಯಿಂದ ಚೂರು ಹಾರಲೂ ಬರುತ್ತದೆ. ಆದರೆ ಈ ಬದಿಯ ಅಲೆಯಿಂದ ಹಾರಿ ಆ ಬದಿಯ ಅಲೆಯ ಇಳಿಜಾರಿನಲ್ಲಿ ಇಳಿಯಲು ಇನ್ನೂ ಆಗುತ್ತಿಲ್ಲ. ಸ್ವಂತದ್ದೊಂದು ಬೋರ್ಡು ಬೇಕು ಅನ್ನಿಸುವುದು ಆಗ. ಕೈಯಲ್ಲಿರುವ ದುಡ್ಡು ಮಾತ್ರ ಹೆಚ್ಚಿಲ್ಲ.

ಅಮೆರಿಕದಲ್ಲಿ ಬೋರ್ಡೂ ಬೈಂಡಿಂಗೂ ಸೇರಿದ ಆರಂಭಿಕ ಮಟ್ಟದ ಜೋಡಿ ಸುಮಾರು 350ರಿಂದ 450 ಡಾಲರಿಗೆ ಸಿಗುತ್ತದೆ. ಬೈಂಡಿಂಗ್ ಎಂದರೆ ಪಾದವನ್ನು ಹಲಗೆಗೆ ಬಿಗಿದು ಹಿಡಿಯುವ ಬೂಟು. ಮೇಲ್ದರ್ಜೆಯ ಬೋರ್ಡೊಂದಕ್ಕೇ 600 ಡಾಲರ್ ದಾಟುತ್ತದೆ, ಅದಕ್ಕೆ ಒಪ್ಪುವ ಬೂಟಿಗೆ ಮತ್ತೆ 400ರ ಆಸುಪಾಸು. ಇವೆರಡರ ನಡುವೆ ಸಿಕ್ಕಿಕೊಂಡವರಲ್ಲಿ ಅನೇಕರು ಇದ್ದಬದ್ದ ಹಣವನ್ನೆಲ್ಲ ಬೋರ್ಡಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಬೈಂಡಿಂಗ್ ಹುಡುಕುತ್ತಾರೆ. ನನ್ನ ಪ್ರಕಾರ ಇದು ತಿರುಗುಮುರುಗಾದ ಲೆಕ್ಕ. ಹಾಗೆನ್ನಲು ಭೌತವಿಜ್ಞಾನದಲ್ಲಿ ಕಾರಣವಿದೆ, ಈ ಆಟ ಬೆಳೆದು ಬಂದ ಬಗೆಯಲ್ಲೂ ಇದೆ.

1980ರ ದಶಕದ ಮಧ್ಯದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದ ಸರ್ಫರ್ ಟೋನಿ ಫಿನ್, ವಾಟರ್ ಸ್ಕೀ ಮತ್ತು ಸರ್ಫ್‌ಬೋರ್ಡು ಎರಡರ ಗುಣವೂ ಬೆರೆತ ಹಲಗೆಯೊಂದನ್ನು ಸ್ಕರ್ಫರ್ ಎಂಬ ಹೆಸರಿನಲ್ಲಿ ಬಳಕೆಗೆ ತಂದರು. ದೋಣಿ ಹಗ್ಗದಿಂದ ಎಳೆಯುತ್ತಿದ್ದರೆ ಸವಾರ ಅದರ ಮೇಲೆ ಬರಿದೇ ನಿಂತಿರುತ್ತಿದ್ದ. ಅತ್ತಿತ್ತ ವಾಲಿ ತಿರುವು ತೆಗೆದುಕೊಳ್ಳಬಹುದಿತ್ತು, ಹಾರುವುದು ಮಾತ್ರ ಕಷ್ಟವಾಗಿತ್ತು. ಸವಾರ ಮೇಲೆದ್ದರೆ ಹಲಗೆ ಅವನನ್ನು ಬಿಟ್ಟು ಕೆಳಗೇ ಉಳಿಯುತ್ತಿತ್ತು. 1985ರ ಬೇಸಿಗೆಯಲ್ಲಿ ಸ್ಕರ್ಫರಿಗೆ ಪಾದದ ಪಟ್ಟಿ ಬಂತು. ಅದೇ ಬೇಸಿಗೆಯಲ್ಲಿ ಟೆಕ್ಸಾಸಿನ ಆಸ್ಟಿನ್ ಊರಿನ ಜಿಮ್ಮಿ ರೆಡ್ಮನ್ ಕೂಡ ತಾವು ರೂಪಿಸುತ್ತಿದ್ದ ಹಲಗೆಗೆ ಸ್ವತಂತ್ರವಾಗಿ ಪಟ್ಟಿ ಜೋಡಿಸಿದರು. ಎತ್ತರಕ್ಕೆ ಹಾರುವ ಆಟ ಅಲ್ಲಿಂದ ಬೆಳೆಯಿತು. ಈ ಕ್ರೀಡೆಯ ದಿಕ್ಕು ಬದಲಿಸಿದ್ದು ಹಲಗೆಯ ಆಕಾರಕ್ಕಿಂತ ಮೊದಲು ಪಾದದ ಹಿಡಿತ.

ಆಕಾರದ ಸರದಿ ಬಂದದ್ದು ಆಮೇಲೆ. ಸ್ಕರ್ಫರಿನ ತೇಲುವ ಗುಣ ಹೆಚ್ಚಾಗಿದ್ದರಿಂದ ಹಗುರ ಮೈಯವರಿಗೆ ಅದನ್ನು ನೀರಿನೊಳಗೆ ಅದುಮಿ ಹಿಡಿದು ಏಳುವುದೇ ದೊಡ್ಡ ಸಾಹಸವಾಗಿತ್ತು. 1990ರಲ್ಲಿ ವಾಟರ್ ಸ್ಕೀ ತಯಾರಕ ಹರ್ಬ್ ಓಬ್ರಿಯನ್ ತಂದ ಹೈಪರ್‌ಲೈಟ್ ಬೋರ್ಡು ಅಚ್ಚಿನಲ್ಲಿ ಒತ್ತಿ ತಯಾರಿಸಿದ್ದು, ತೇಲುವಿಕೆ ತೀರಾ ಕಡಿಮೆ. ಸವಾರ ಅದನ್ನು ಸುಲಭವಾಗಿ ಮುಳುಗಿಸಿ, ಮಂಡಿ ಮಡಚಿ ಕುಳಿತು, ದೋಣಿ ಎಳೆದಂತೆ ಎದ್ದು ನಿಲ್ಲಬಹುದಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಎರಡೂ ತುದಿ ಒಂದೇ ಆಕಾರದಲ್ಲಿರುವ ವಿನ್ಯಾಸವನ್ನು ರೆಡ್ಮನ್ ಮುಂದೆ ತಂದರು. ಇವತ್ತು ನಾವು ನೋಡುವ ಬೋರ್ಡಿನ ಮೂಲರೂಪ ಆ ಹೊತ್ತಿಗೆ ಗಟ್ಟಿಯಾಗಿತ್ತು. ನಂತರದ ಬದಲಾವಣೆಗಳು ಬಾಗಿನಲ್ಲಿ, ಅಂಚಿನಲ್ಲಿ, ಒಳಗಿನ ಪದರಗಳಲ್ಲಿ ಆದ ಸುಧಾರಣೆಗಳು. ನಾಲ್ಕೈದು ವರ್ಷ ಹಳೆಯ ಒಳ್ಳೆಯ ಬೋರ್ಡು ಕಲಿಯುವವರಿಗೆ ಹಳತಲ್ಲ ಎಂದು ಧೈರ್ಯವಾಗಿ ಹೇಳುವುದು ಇದರಿಂದಲೇ.

ಇನ್ನು ಉದ್ದದ ಮಾತು. ನಿಂತ ನೀರಿನಲ್ಲಿ ವೇಕ್‌ಬೋರ್ಡು ಒಬ್ಬ ಮನುಷ್ಯನನ್ನು ಹೊತ್ತು ತೇಲಲಾರದು. ಓಡುವಾಗ ಅವನನ್ನು ಹೊರುವುದು, ಹಲಗೆ ತುಸು ಮೂಗೆತ್ತಿ ಸಾಗುತ್ತ ನೀರನ್ನು ಕೆಳಕ್ಕೆ ತಳ್ಳಿದಾಗ ಹುಟ್ಟುವ ಪ್ರತಿಬಲ. ಈ ಬಲ ನೀರು ತಾಗುವ ವಿಸ್ತೀರ್ಣದೊಂದಿಗೆ ಹೆಚ್ಚುತ್ತದೆ, ವೇಗದ ವರ್ಗದೊಂದಿಗೂ ಹೆಚ್ಚುತ್ತದೆ. ಗಂಟೆಗೆ 30 ಕಿ.ಮೀ. ಇದ್ದದ್ದು 36 ಆದರೆ ವೇಗ ಏರಿದ್ದು ಶೇ. 20ರಷ್ಟು, ಅದೇ ವಿಸ್ತೀರ್ಣ ಅದೇ ಓರೆಯಲ್ಲಿ ಎತ್ತುವ ಬಲ ಏರಿದ್ದು ಶೇ. 44ರಷ್ಟು. ಭಾರದ ಮೈಯವರು ಚಿಕ್ಕ ಬೋರ್ಡಿನ ಮೇಲೆ ನಿಂತರೆ ಬೋರ್ಡು ಮೂಗನ್ನು ಇನ್ನಷ್ಟು ಎತ್ತಿ ನೀರಿನಲ್ಲಿ ಆಳವಾಗಿ ಕುಳಿತು ಸಾಗಬೇಕಾಗುತ್ತದೆ. ನೀರಿನ ತಡೆ ಹೆಚ್ಚುತ್ತದೆ, ತೋಳುಗಳು ಬೇಗ ಸೋಲುತ್ತವೆ. ಆದ್ದರಿಂದಲೇ ತಯಾರಕರು ಉದ್ದವನ್ನು ಸವಾರನ ಎತ್ತರಕ್ಕಲ್ಲ, ತೂಕಕ್ಕೆ ಹೊಂದಿಸುತ್ತಾರೆ. ಕಂಪನಿಯಿಂದ ಕಂಪನಿಗೆ ತುಸು ವ್ಯತ್ಯಾಸ ಇದ್ದೇ ಇರುತ್ತದೆ. ಸ್ಥೂಲವಾಗಿ 60 ಕಿಲೋದೊಳಗಿನ ವಯಸ್ಕರಿಗೆ 130ರಿಂದ 134 ಸೆಂ.ಮೀ., 60ರಿಂದ 80 ಕಿಲೋದವರಿಗೆ 134ರಿಂದ 139, ಅದಕ್ಕೂ ಮೇಲ್ಪಟ್ಟವರಿಗೆ 140 ಮತ್ತು ಹೆಚ್ಚು.

ಎರಡು ಅಳತೆಗಳ ನಡುವೆ ತೂಗಾಡುವವರು ದೊಡ್ಡದನ್ನೇ ತೆಗೆದುಕೊಳ್ಳಲಿ. ಚಿಕ್ಕದರ ಪರವಾಗಿ ಒಂದು ನ್ಯಾಯವಾದ ವಾದವಿದೆ: ಗಾಳಿಯಲ್ಲಿ ಅದನ್ನು ತಿರುಗಿಸುವುದು ಸುಲಭ. ಅಗಲ, ದಪ್ಪ ಒಂದೇ ಎಂದುಕೊಂಡರೆ ಹಲಗೆಯ ತಿರುಗುಜಡತ್ವ ಉದ್ದದ ಘನಕ್ಕೆ ಅನುಗುಣವಾಗಿರುತ್ತದೆ. 140 ಸೆಂ.ಮೀ. ಬೋರ್ಡಿಗಿಂತ 134ರದ್ದರಲ್ಲಿ ಅದು ಸುಮಾರು ಶೇ. 12 ಕಡಿಮೆ. ಆದರೆ ತಿರುಗಬೇಕಾದದ್ದು ಹಲಗೆಯೊಂದೇ ಅಲ್ಲ, ಬೂಟು ಮತ್ತು ಇಡೀ ಮೈ ಕೂಡ. ಒಟ್ಟಿನಲ್ಲಿ ಲಾಭ ಇನ್ನೂ ಸಣ್ಣದು. 180 ಡಿಗ್ರಿ ತಿರುಗಲು ಈಗಷ್ಟೇ ಯತ್ನಿಸುತ್ತಿರುವವರಿಗೆ ಬೇಕಾದದ್ದು ನೀರಿನ ಮೇಲೆ ನೆಮ್ಮದಿಯಾಗಿ ನಿಲ್ಲುವ ವಿಸ್ತೀರ್ಣ.

ಬೋರ್ಡಿನ ಗುಣವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ರಾಕರ್, ಅಂದರೆ ತುದಿಯಿಂದ ತುದಿಗೆ ಇರುವ ಬಾಗು. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ತಳ ತೊಟ್ಟಿಲಿನ ಕಾಲಿನ ಹಾಗೆ ಒಂದೇ ಸಮನೆ ಬಾಗಿರುತ್ತದೆ. ಇದಕ್ಕೆ ಕಂಟಿನ್ಯೂಯಸ್ ರಾಕರ್ ಎನ್ನುತ್ತಾರೆ. ಇನ್ನೊಂದರಲ್ಲಿ ನಡುಭಾಗ ಚಪ್ಪಟೆ, ಆ ಚಪ್ಪಟೆಯ ಎರಡೂ ಕೊನೆಗಳಲ್ಲಿ ಬಾಗು ತಟ್ಟನೆ ಶುರುವಾಗುತ್ತದೆ. ಅದು ತ್ರೀ ಸ್ಟೇಜ್. ಮೊದಲನೆಯದರಲ್ಲಿ ನೀರು ಎಲ್ಲೂ ಎಡವದೆ ಹರಿದುಹೋಗುವುದರಿಂದ ಬೋರ್ಡು ವೇಗ ಉಳಿಸಿಕೊಳ್ಳುತ್ತದೆ, ತಿರುವು ನಯವಾಗಿರುತ್ತದೆ. ಎರಡನೆಯದು ಅಲೆಯ ಏರನ್ನು ಹತ್ತುವಾಗ ಬಾಗು ಮುರಿದ ಜಾಗಕ್ಕೆ ನೀರು ಬಲವಾಗಿ ಬಡಿದು ಸವಾರನನ್ನು ನೇರ ಮೇಲಕ್ಕೆ ಒದೆಯುತ್ತದೆ. ಇದೇ ಪಾಪ್. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಇದನ್ನೇ.

ಆದರೆ ಈ ಹಂತದಲ್ಲಿರುವವರ ಗುರಿ ಏನು? ಒಂದು ಅಲೆಯಿಂದ ಇನ್ನೊಂದರವರೆಗಿನ ಅಗಲ ದಾಟುವುದು. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಮೇಲಕ್ಕೆ ಚಿಮ್ಮಿದವರು ಸುಮಾರು 80 ಸೆಂ.ಮೀ. ಏರಿ, 0.8 ಸೆಕೆಂಡಿನಷ್ಟು ಗಾಳಿಯಲ್ಲಿರುತ್ತಾರೆ. ಅಷ್ಟು ಹೊತ್ತಿನಲ್ಲಿ ಎಷ್ಟು ಅಗಲ ದಾಟುತ್ತಾರೆ ಎಂಬುದು ಅವರ ಅಡ್ಡವೇಗಕ್ಕೆ ಬಿಟ್ಟದ್ದು. ನೇರ ಮೇಲಕ್ಕೆ ಒದೆಯುವ ಬೋರ್ಡು ಎತ್ತರ ಕೊಟ್ಟು ಅಡ್ಡವೇಗದಲ್ಲಿ ಒಂದಿಷ್ಟನ್ನು ಕಿತ್ತುಕೊಳ್ಳುತ್ತದೆ. ಪರಿಣಾಮವಾಗಿ ಸವಾರ ಎತ್ತರ ಹಾರಿ, ಎರಡು ಅಲೆಗಳ ನಡುವಿನ ಸಮತಟ್ಟು ನೀರಿಗೆ ಧೊಪ್ಪೆಂದು ಬೀಳುತ್ತಾನೆ. ಇಳಿಜಾರಿಗೆ ಇಳಿದಿದ್ದರೆ ಬೀಳುವ ವೇಗದ ಒಂದು ಭಾಗ ಜಾರುವ ವೇಗವಾಗಿ ಮುಂದುವರಿಯುತ್ತಿತ್ತು. ಸಮತಟ್ಟಿಗೆ ಬಿದ್ದಾಗ ಪೂರ್ತಿ ಪೆಟ್ಟು ಮಂಡಿಗೇ. ಅದಲ್ಲದೆ ಒಂದೇ ಸಮನಾದ ಬಾಗಿನ ಬೋರ್ಡು ಸವಾರ ಅಂಚನ್ನು ಎಷ್ಟು ಒತ್ತಿ ಹಿಡಿದನೋ ಅಷ್ಟನ್ನೇ ಹಿಂದಿರುಗಿಸುತ್ತದೆ. ಕಲಿಯುವವರಿಗೆ ಇದಕ್ಕಿಂತ ಪ್ರಾಮಾಣಿಕ ಗುರು ಸಿಗುವುದಿಲ್ಲ. ಎರಡರ ನಡುವಿನ ಹೈಬ್ರಿಡ್ ಬಾಗೂ ಇದೆ. ಸೆಕೆಂಡ್ ಹ್ಯಾಂಡಿನಲ್ಲಿ ಅದು ಒಳ್ಳೆಯ ಬೆಲೆಗೆ ಸಿಕ್ಕರೆ ಹಿಂಜರಿಯಬೇಕಿಲ್ಲ.

ಅಂಚಿನ ವಿಷಯದಲ್ಲಿ ನೋಡಬೇಕಾದದ್ದು ಒಂದೇ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಗಂಟೆಗೆ 30 ಕಿ.ಮೀ. ಓಟದಲ್ಲಿ ಅಂಚು ಬೇಡದ ಕಡೆ ನೀರಿಗೆ ಕಚ್ಚಿಕೊಂಡರೆ ಬೋರ್ಡು ತಟಕ್ಕನೆ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಮುಖ ನೀರಿಗೆ ಅಪ್ಪಳಿಸುವ ಆ ಬೀಳುವಿಕೆ ಬಹಳ ಕೆಟ್ಟದ್ದು. ಪಾದಗಳ ನಡುವೆ ಅಂಚು ಉರುಟಾಗಿರುವ ಬೋರ್ಡು ಇಂಥ ತಪ್ಪನ್ನು ಎಷ್ಟೋ ಮಟ್ಟಿಗೆ ಕ್ಷಮಿಸುತ್ತದೆ. ಫಿನ್‌ಗಳನ್ನು, ಅಂದರೆ ತಳದಲ್ಲಿ ಮೀನಿನ ರೆಕ್ಕೆಯಂತೆ ಚಾಚಿರುವ ಪಟ್ಟಿಗಳನ್ನು, ಬಿಚ್ಚಿ ಹಾಕುವಂತಿದ್ದರೆ ಒಳ್ಳೆಯದು. ಮೊದಲು ಆಳವಾದವು, ಕೈ ಪಳಗಿದಂತೆ ಚಿಕ್ಕವು.

ಒಳಗಿನ ಸಾಮಗ್ರಿಯ ಪ್ರಶ್ನೆಗೆ ಉತ್ತರ ನೀವು ಎಲ್ಲಿ ಸವಾರಿ ಮಾಡುತ್ತೀರಿ ಎಂಬುದರಲ್ಲಿದೆ. ಜರ್ಮನಿಯ ಎಂಜಿನಿಯರ್ ಬ್ರೂನೋ ರಿಕ್ಸೆನ್ 1960ರ ಸುಮಾರಿಗೆ ರೂಪಿಸಿದ, ಕಂಬಗಳ ಮೇಲೆ ಸುತ್ತುವ ಉಕ್ಕಿನ ಹಗ್ಗದಿಂದ ಸವಾರರನ್ನು ಎಳೆಯುವ ವ್ಯವಸ್ಥೆಯೇ ಇಂದಿನ ಕೇಬಲ್ ಪಾರ್ಕುಗಳ ಬುನಾದಿ. ಹೊಸ ವೇಕ್ ದೋಣಿಯೊಂದಕ್ಕೆ ಒಂದು ಲಕ್ಷ ಡಾಲರಿಗೂ ಹೆಚ್ಚು ಬೆಲೆಯಿರುವ ಈ ಕಾಲದಲ್ಲಿ ಸಾಧಾರಣ ಆದಾಯದವರಿಗೆ ಈ ಆಟ ದಕ್ಕಿರುವುದು ಇಂಥ ಪಾರ್ಕುಗಳಿಂದ. ಅಲ್ಲಿ ಅಲೆಗಳಿಲ್ಲ. ಪ್ಲಾಸ್ಟಿಕ್ ಕಂಬಿಗಳ ಮೇಲೆ ಜಾರಬೇಕು, ಇಳಿಜಾರುಗಳಿಂದ ಹಾರಬೇಕು. ಹಾಗಾಗಿ ಫಿನ್ ಇಲ್ಲದ, ತಳ ಗಟ್ಟಿಯಾದ, ಮರದ ತಿರುಳಿನ ಬಾಗುವ ಬೋರ್ಡು ಸರಿ. ದೋಣಿಯ ಹಿಂದಾದರೆ ಫೋಮ್ ತಿರುಳಿನ, ಹಗುರ, ಬಿಗಿ ಬೋರ್ಡು. ಕಾರ್ಬನ್ ಫೈಬರ್ ಪದರಕ್ಕೆ ಕೇಳುವ ಹೆಚ್ಚಿನ ಹಣವನ್ನು ಈ ಹಂತದಲ್ಲಿ ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಹಣ ಕೊಡಬೇಕಾದದ್ದು ಬೂಟಿಗೆ. ಲೆಕ್ಕ ಹಾಕಿ ನೋಡೋಣ. ಬೆರಳ ಕಡೆಯ ಅಂಚನ್ನು ನೀರಿಗೆ ಒತ್ತಲು ಸವಾರ ಹಿಮ್ಮಡಿ ಎತ್ತುತ್ತಾನೆ. ಬೂಟು ಸಡಿಲವಾಗಿದ್ದರೆ ಹಲಗೆ ಅಲುಗುವ ಮೊದಲು ಹಿಮ್ಮಡಿ ಬೂಟಿನೊಳಗೇ ಏರುತ್ತದೆ. ಆ ಏರಿಕೆ 1 ಸೆಂ.ಮೀ. ಎಂದುಕೊಳ್ಳಿ. ಹೆಬ್ಬೆರಳ ಬುಡದಿಂದ ಹಿಮ್ಮಡಿಗೆ ಸುಮಾರು 19 ಸೆಂ.ಮೀ. ದೂರ. ಅಂದರೆ 3 ಡಿಗ್ರಿ ಚಲನೆ ಹಲಗೆಗೆ ತಲುಪಲೇ ಇಲ್ಲ. 42 ಸೆಂ.ಮೀ. ಅಗಲದ ಬೋರ್ಡಿನಲ್ಲಿ 3 ಡಿಗ್ರಿ ಎಂದರೆ ಅಂಚಿನಲ್ಲಿ 1 ಸೆಂ.ಮೀ.ಗೂ ಹೆಚ್ಚು. ಇದರ ಜೊತೆಗೆ ತಡವನ್ನೂ ಸೇರಿಸಿ: ಗಂಟೆಗೆ 30 ಕಿ.ಮೀ. ಓಟದಲ್ಲಿ ಹತ್ತನೇ ಒಂದು ಸೆಕೆಂಡು ತಡವಾದರೆ ಸವಾರ 80 ಸೆಂ.ಮೀ.ಗಿಂತ ಹೆಚ್ಚು ಮುಂದೆ ಹೋಗಿರುತ್ತಾನೆ. ಅಲೆಯ ನೆತ್ತಿಯಲ್ಲಿ ಚಿಮ್ಮಬೇಕಾದವನಿಗೆ ಆ ಜಾಗವೇ ದಾಟಿಹೋಗಿರುತ್ತದೆ. ದುಬಾರಿ ಹಲಗೆ ಈ ನಷ್ಟವನ್ನು ತುಂಬಿಕೊಡಲಾರದು. ಬೋರ್ಡಿನ ಬಾಗಿನ ಗುಣ ಹಾರುವಾಗ ಗೊತ್ತಾದರೆ, ಬೂಟಿನ ಸಡಿಲ ಪ್ರತಿ ಕ್ಷಣವೂ ಗೊತ್ತಾಗುತ್ತದೆ.

ಬೂಟುಗಳಲ್ಲಿ ಬೆರಳು ಹೊರಗೆ ಇಣುಕುವ ಓಪನ್ ಟೋ ಮತ್ತು ಪೂರ್ತಿ ಮುಚ್ಚಿದ ಕ್ಲೋಸ್ಡ್ ಟೋ ಎಂದು ಎರಡು ಬಗೆ. ಓಪನ್ ಟೋ ಒಂದೇ ಜೊತೆ ಮೂರ್ನಾಲ್ಕು ಅಳತೆಯ ಪಾದಗಳಿಗೆ ಹೊಂದುತ್ತದೆ. ಬೆಳೆಯುತ್ತಿರುವ ಮಕ್ಕಳಿಗೂ ಮನೆಮಂದಿಯೆಲ್ಲ ಹಂಚಿಕೊಳ್ಳುವುದಕ್ಕೂ ಅದೇ ಅನುಕೂಲ. ಪಾದ ಬೆಳೆಯುವುದು ನಿಂತಿರುವ, ತನ್ನೊಬ್ಬನ ಬಳಕೆಗೆ ಕೊಳ್ಳುವ ಸವಾರನಿಗೆ ಕ್ಲೋಸ್ಡ್ ಟೋ ಮೇಲು. ಹಾಕಿಕೊಂಡು, ಲೇಸು ಬಿಗಿದು, ಮಂಡಿ ಮಡಚಿ ಮುಂದಕ್ಕೆ ವಾಲಿ. ಹಿಮ್ಮಡಿ ಮೇಲೇಳಬಾರದು. ಬೆರಳು ತುದಿಗೆ ತಾಗಿದರೆ ಸರಿ, ಮಡಚಿಕೊಳ್ಳಬಾರದು. ಹತ್ತು ನಿಮಿಷ ಹಾಗೇ ನಿಂತು ನೋಡಿ, ಪಾದ ಜೋಮು ಹಿಡಿದರೆ ಆ ಬೂಟು ಬೇಡ. ಬಿಗಿತನ ಮಧ್ಯಮವಾಗಿರಲಿ. ಹಿಮದ ಮೇಲಿನ ಸ್ಕೀ ಬೈಂಡಿಂಗ್ ನಿಗದಿತ ಬಲ ಮೀರಿದರೆ ತಾನೇ ಕಳಚಿಕೊಳ್ಳುತ್ತದೆ. ಸಾಮಾನ್ಯ ವೇಕ್‌ಬೋರ್ಡ್ ಬೂಟಿಗೆ ಅಂಥ ಏರ್ಪಾಡಿಲ್ಲ. ಎರಡೂ ಪಾದ ಒಂದೇ ಹಲಗೆಗೆ ಬಂಧಿತವಾಗಿರುವಾಗ ತಿರುಚುವ ಬಲ ಪಾದದ ಗಿಣ್ಣಿಗೂ ಮಂಡಿಯ ಅಸ್ಥಿರಜ್ಜುಗಳಿಗೂ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬೋರ್ಡು, ಬೂಟು ಎರಡೂ ಒಂದೇ ರೀತಿ ಮುಪ್ಪಾಗುವುದಿಲ್ಲ ಎಂಬುದು ನೆನಪಿರಲಿ. ಫೈಬರ್‌ಗ್ಲಾಸ್ ಹೊದಿಕೆ ಬಿರಿಯದಿದ್ದರೆ ಬೋರ್ಡು ವರ್ಷಗಟ್ಟಲೆ ಬಾಳುತ್ತದೆ. ಬೂಟಿನ ಮೆತ್ತೆ ಅದುಮಿಹೋಗುತ್ತದೆ, ಬಿಸಿಲಿಗೆ ಅಂಟು ಬಿಡುತ್ತದೆ, ಹಿಮ್ಮಡಿಯ ಹಿಡಿತ ಮೊದಲು ಹೋಗುತ್ತದೆ. ಹಳೆಯ ಬೋರ್ಡು, ಹೊಸ ಬೂಟು ಎಂಬ ಸೂತ್ರ ಇದರಿಂದ ಬಂದದ್ದು. ಬೋರ್ಡಿನ ತಳವನ್ನು ಹೆಬ್ಬೆರಳಿಂದ ಒತ್ತುತ್ತ ಹೋಗಿ, ಎಲ್ಲಾದರೂ ಮೆತ್ತಗಿದ್ದರೆ ಒಳಗೆ ಪದರ ಬಿಟ್ಟಿದೆ. ಅಳತೆಗೆ ಮೀರಿ ಭಾರವೆನಿಸಿದರೆ ನೀರು ಕುಡಿದಿದೆ. ಸ್ಕ್ರೂ ರಂಧ್ರಗಳ ಸುತ್ತ ಕೂದಲೆಳೆಯ ಬಿರುಕು ಕಂಡರೂ ಬಿಟ್ಟುಬಿಡಿ. ಈಗಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ 6 ಮಿ.ಮೀ. ಸ್ಕ್ರೂ ಇರುತ್ತದೆ, ಕೆಲವು ಹಳೆಯ ಬೋರ್ಡುಗಳಲ್ಲಿ ಕಾಲು ಇಂಚಿನದು. ನೋಟಕ್ಕೆ ಒಂದೇ ಥರ, ಥ್ರೆಡ್ ಬೇರೆ. ಬಲವಂತವಾಗಿ ತಿರುಗಿಸಿದರೆ ರಂಧ್ರವೇ ಹಾಳು. ಕೆಲವು ಬೋರ್ಡುಗಳಲ್ಲಿ ರಂಧ್ರಗಳ ಬದಲು ಉದ್ದನೆಯ ಸೀಳಿರುತ್ತದೆ. ಬೂಟಿನ ಪ್ಲೇಟು ಅದಕ್ಕೆ ಕೂರುತ್ತದೆಯೇ ಎಂದು ಹಣ ಕೊಡುವ ಮೊದಲೇ ನೋಡಿ.

ಜೋಡಿಸುವ ಬಗೆಯಲ್ಲಂತೂ ಖರ್ಚಿಲ್ಲದ ಸುಧಾರಣೆಯಿದೆ. ಪಾದಗಳ ನಡುವಿನ ದೂರ ಭುಜದಗಲಕ್ಕಿಂತ ತುಸು ಹೆಚ್ಚು, ಮುಂದಿನ ಪಾದ ಸುಮಾರು 15 ಡಿಗ್ರಿ ಹೊರಕ್ಕೆ, ಹಿಂದಿನದು ಹೆಚ್ಚುಕಡಿಮೆ ನೇರ, ಎರಡೂ ನಡುವಿನಿಂದ ಒಂದು ರಂಧ್ರ ಹಿಂದಕ್ಕೆ. ತಿರುಗಿ ಹಿಂದುಮುಂದಾಗಿ ಇಳಿಯಲು ಬಂದಾಗ ನಡುವಿಗೆ ತನ್ನಿ, ಹಿಂದಿನ ಪಾದವನ್ನೂ ಹೊರಕ್ಕೆ ತಿರುಗಿಸಿ.

ಉತ್ತರ ಅಮೆರಿಕ, ಯುರೋಪುಗಳಲ್ಲಿ ಸೆಪ್ಟೆಂಬರ್ ನಂತರ ಋತು ಮುಗಿಯುತ್ತಿದ್ದಂತೆ ಆ ವರ್ಷದ ಮಾದರಿಗಳ ಬೆಲೆ ಇಳಿಯುತ್ತದೆ. ಒಟ್ಟು 450 ಡಾಲರ್ ಕೈಯಲ್ಲಿದ್ದರೆ ನನ್ನ ಹಂಚಿಕೆ ಹೀಗೆ: 250 ಡಾಲರಿಗೆ ಪಾದಕ್ಕೆ ಸರಿಯಾಗಿ ಕೂರುವ ಹೊಸ ಬೂಟು, ಉಳಿದ 200ರಲ್ಲಿ ಒಂದೇ ಸಮನಾದ ಬಾಗಿನ, ತೂಕಕ್ಕೆ ತಕ್ಕ ಅಥವಾ ತುಸು ದೊಡ್ಡದಾದ, ಬಳಸಿದ ಬೋರ್ಡು. ಹೆಲ್ಮೆಟ್ಟಿಗೂ ಲೈಫ್ ಜಾಕೆಟ್ಟಿಗೂ ದುಡ್ಡು ಸಾಲದಿದ್ದರೆ ಕಡಿಮೆ ಮಾಡಬೇಕಾದದ್ದು ಬೋರ್ಡಿನ ಪಾಲನ್ನೇ.