ತುಕ್ಕು ಹಿಡಿಯದ್ದೂ ಮುರಿಯುತ್ತದೆ

ಕೆಂಪಗೆ ತುಕ್ಕು ಹಿಡಿದ ಬೋಲ್ಟ್ ಅಪಾಯ, ಫಳಫಳ ಹೊಳೆಯುವ ಸ್ಟೀಲ್ ಬೋಲ್ಟ್ ಭದ್ರ ಎಂಬ ನಂಬಿಕೆ ಬಂಡೆ ಹತ್ತುವವರಲ್ಲಿ ಆಳವಾಗಿ ಬೇರೂರಿದೆ. ಹೊಸ ಮಾರ್ಗದಲ್ಲಿ ಹಗ್ಗದ ಆಸರೆಗೆಂದು ಬಂಡೆಯೊಳಗೆ ಕೂರಿಸುವ ಬೋಲ್ಟ್ ಕೊಳ್ಳುವವರು ಮೊದಲು ಕೇಳುವುದು ‘ಸ್ಟೇನ್‌ಲೆಸ್ ತಾನೆ?’ ಎಂದು, ಆಮೇಲೆ ‘ಎಷ್ಟು ಕಿಲೋನ್ಯೂಟನ್ ತಡೆಯುತ್ತದೆ?’ ಎಂದು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಈ ಎರಡು ಪರೀಕ್ಷೆಯಲ್ಲೂ ಗೆದ್ದ ಬೋಲ್ಟುಗಳೇ ಥಾಯ್ಲೆಂಡಿನ ಕ್ರಾಬಿ ಪ್ರಾಂತ್ಯದ ರೈಲೇ ಮತ್ತು ತೊನ್ಸಾಯ್ ಕಡಲ ತೀರಗಳಲ್ಲಿ, ಸುಣ್ಣಕಲ್ಲಿನ ಎತ್ತರದ ಗೋಡೆಗಳ ಮೇಲೆ, ಕೆಲವೇ ವರ್ಷಗಳಲ್ಲಿ ಮುರಿದವು. ಯಾರೋ ಜೋರಾಗಿ ಬಿದ್ದ ರಭಸಕ್ಕಲ್ಲ. ಹಗ್ಗದಲ್ಲಿ ಸುಮ್ಮನೆ ತೂಗಿದವರ ಮೈಭಾರಕ್ಕೇ ಮುರಿದದ್ದೂ ಉಂಟು. ಹೊರನೋಟಕ್ಕೆ ಅಷ್ಟಿಷ್ಟು ಕಂದು ಕಲೆ ಬಿಟ್ಟರೆ ಅವುಗಳಲ್ಲಿ ದೋಷವೇನೂ ಕಾಣುತ್ತಿರಲಿಲ್ಲ. ಬಲ ಬೇರೆ, ಬಾಳಿಕೆ ಬೇರೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಬಲ. ಬಾಳಿಕೆಯನ್ನು ತೀರ್ಮಾನಿಸುವುದು ಬೋಲ್ಟ್ ಹೋಗಿ ಕೂರುವ ಕಲ್ಲು, ನೀರು, ಗಾಳಿ.

ಬಲದ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಬಂಡೆಯ ಬೋಲ್ಟ್ ಅಡ್ಡ ಸೆಳೆತಕ್ಕೆ 25 ಕಿಲೋನ್ಯೂಟನ್ ತಡೆಯಬೇಕೆಂದು ಯುರೋಪಿನ ಮಾನದಂಡ ಹೇಳುತ್ತದೆ. ಅಂದರೆ ಸುಮಾರು ಎರಡೂವರೆ ಟನ್ ಭಾರ. ಹಗ್ಗದ ಮಾನದಂಡದ ಪ್ರಕಾರ 80 ಕಿಲೋ ತೂಕ ಅತ್ಯಂತ ಕಠಿಣವಾಗಿ ಬಿದ್ದಾಗಲೂ ಆ ತೂಕದ ಕಡೆಗಿನ ಹಗ್ಗದಲ್ಲಿ ಸೆಳೆತ 12 ಕಿಲೋನ್ಯೂಟನ್ ಮೀರುವಂತಿಲ್ಲ. ಹಗ್ಗ ಬೋಲ್ಟಿನ ಮೂಲಕ ಹಾದು ಕೆಳಗೆ ಹಿಡಿದವರತ್ತ ಇಳಿಯುವುದರಿಂದ ಎರಡೂ ಕಡೆಯ ಸೆಳೆತ ಸೇರಿ ಬೋಲ್ಟಿನ ಮೇಲೆ 20ರ ಆಸುಪಾಸು ಬೀಳಬಹುದು. ನಿಜವಾದ ಬೀಳುವಿಕೆಗಳಲ್ಲಿ ಅದರ ಅರ್ಧವೂ ಮುಟ್ಟುವುದು ಅಪರೂಪ. ಗಟ್ಟಿ ಕಲ್ಲಿನಲ್ಲಿ 10 ಮಿಲಿಮೀಟರಿನ ಒಳ್ಳೆಯ ಬೋಲ್ಟಿಗೇ ಈ ಭಾರ ಲೆಕ್ಕಕ್ಕಿಲ್ಲ. ಹಾಗಾಗಿ ‘12 ಮಿಲಿಮೀಟರಿನದ್ದು ಹಾಕಿಬಿಟ್ಟರೆ ಚಿಂತೆ ಇಲ್ಲ’ ಎನ್ನುವುದು ಇಲ್ಲದ ಸಮಸ್ಯೆಗೆ ಪರಿಹಾರ. ದಪ್ಪ ಹೆಚ್ಚಿದರೆ ಮುರಿಯಲು ಹೆಚ್ಚು ಕಾಲ ಬೇಕಾದೀತು, ಮುರಿಯುವ ಕಾರಣವಂತೂ ಹಾಗೇ ಉಳಿಯುತ್ತದೆ.

ಆ ಕಾರಣ ತಿಳಿಯಲು ಬಂಡೆಯವರೆಗೆ ಹೋಗಬೇಕಿಲ್ಲ, ಅಡುಗೆಮನೆ ಸಾಕು. ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟ್ ಮತ್ತು ನಮ್ಮ ಒಳ್ಳೆಯ ಸ್ಟೀಲ್ ಪಾತ್ರೆ ಒಂದೇ ಜಾತಿಯವು: 304 ಎಂದು ಕರೆಯುವ, ನೂರರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಬೆರೆತ ಉಕ್ಕು. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಗೀಚಿದರೆ ಪೊರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಆ ಪೊರೆಯ ಶತ್ರು ಉಪ್ಪಿನಲ್ಲಿರುವ ಕ್ಲೋರೈಡ್. ಉಪ್ಪಿನಕಾಯಿಗೆ ಸ್ಟೀಲ್ ಡಬ್ಬಿ ಇದ್ದರೂ ಭರಣಿಯನ್ನೇ ಹುಡುಕುವ ಮನೆಗಳಿಗೆ ಇದು ಗೊತ್ತು: ಉಪ್ಪು ನಿಂತ ಕಡೆ ಸ್ಟೀಲಿನ ತಳದಲ್ಲಿ ಸೂಜಿಮೊನೆಯಷ್ಟು ಗುಳಿಗಳೇಳುತ್ತವೆ. ಪಾತ್ರೆಯಲ್ಲಿ ಕಥೆ ಅಲ್ಲಿಗೆ ನಿಲ್ಲುತ್ತದೆ. ಬೋಲ್ಟಿನಲ್ಲಿ ನಿಲ್ಲುವುದಿಲ್ಲ, ಯಾಕೆಂದರೆ ಬಿಗಿದ ಬೋಲ್ಟ್ ಹಗಲೂ ರಾತ್ರಿ ಸೆಳೆತದಲ್ಲಿರುತ್ತದೆ. ಗುಳಿಯ ತಳದಿಂದ ಕೂದಲೆಳೆಯಂಥ ಬಿರುಕು ಹೊರಟು, ಕವಲೊಡೆಯುತ್ತ, ಲೋಹದ ಒಳಗೇ ಸಾಗುತ್ತದೆ. ಇದನ್ನು ಸ್ಟ್ರೆಸ್ ಕೊರೋಷನ್ ಕ್ರ್ಯಾಕಿಂಗ್ ಎನ್ನುತ್ತಾರೆ. ಕಬ್ಬಿಣದ ತುಕ್ಕು ಹೊರಗಿನಿಂದ ಸಾರಿಕೊಂಡು ಬರುತ್ತದೆ. ಈ ಬಿರುಕು ಸಾರುವುದಿಲ್ಲ.

ಇದರ ಭೀಕರ ಉದಾಹರಣೆ ಬಂಡೆಗೆ ಸಂಬಂಧಿಸಿದ್ದೇ ಅಲ್ಲ. 1985ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಊಸ್ಟರ್ ಪಟ್ಟಣದ ಒಳಾಂಗಣ ಈಜುಕೊಳದ ಕಾಂಕ್ರೀಟ್ ಒಳಛಾವಣಿ ಕುಸಿದು 12 ಮಂದಿ ಸತ್ತರು. ಛಾವಣಿಯನ್ನು ಹಿಡಿದು ನಿಂತಿದ್ದವು ಸ್ಟೇನ್‌ಲೆಸ್ ಸ್ಟೀಲ್ ಸರಳುಗಳು. ಕೊಳದ ಬೆಚ್ಚನೆಯ ಗಾಳಿಯಲ್ಲಿದ್ದ ಕ್ಲೋರೈಡ್ ಅವುಗಳ ಮೇಲೆ ಕೂತು ಬಿರುಕಿಗೆ ದಾರಿ ಮಾಡಿತ್ತು. 60 ಡಿಗ್ರಿಗಿಂತ ಕಡಿಮೆ ತಾಪದಲ್ಲಿ ಈ ಬಿರುಕಿನ ಭಯವಿಲ್ಲ ಎಂಬ ಎಂಜಿನಿಯರುಗಳ ರೂಢಿಯ ಸೂತ್ರ ಅಲ್ಲಿಗೆ ಸುಳ್ಳಾಯಿತು.

ಸುಳ್ಳಾದದ್ದು ಹೇಗೆ ಎಂಬುದಕ್ಕೂ ಅಡುಗೆಮನೆಯಲ್ಲೇ ಸುಳಿವಿದೆ. ಮಳೆಗಾಲದಲ್ಲಿ ಕಲ್ಲುಪ್ಪಿನ ಡಬ್ಬಿ ನೀರೊಡೆಯುತ್ತದಲ್ಲ, ಅದು ಉಪ್ಪಿನೊಂದಿಗಿರುವ ಮೆಗ್ನೀಷಿಯಂ ಕ್ಲೋರೈಡಿನ ಕೆಲಸ. ಸಾಕಷ್ಟು ಒಣಗಿದ ಗಾಳಿಯಿಂದಲೂ ತೇವ ಹೀರಿಕೊಂಡು, ಒಣಗದೆ, ದಟ್ಟವಾದ ಕ್ಲೋರೈಡ್ ದ್ರವವಾಗಿ ಲೋಹಕ್ಕೆ ಅಂಟಿಕೊಂಡಿರುವುದು ಅದರ ಸ್ವಭಾವ. ಕಡಲ ದಂಡೆಯ ಸುಣ್ಣಕಲ್ಲಿನ ಗೋಡೆಯಲ್ಲಿ ಸಮುದ್ರದ ತುಂತುರಿನಿಂದಲೂ ಕಲ್ಲಿನೊಳಗಿಂದ ಒಸರುವ ನೀರಿನಿಂದಲೂ ಇಂಥ ಲವಣಗಳು ಬೋಲ್ಟಿನ ಸುತ್ತ ಸೇರುತ್ತವೆ. ಇಲ್ಲಿ ಇನ್ನೊಂದು ನಂಬಿಕೆ ತಲೆಕೆಳಗಾಗುತ್ತದೆ. ಮಳೆ ಬೀಳದ, ಮುಂಚಾಚಿದ ಬಂಡೆಯ ಅಡಿಯಲ್ಲಿ ಬೋಲ್ಟ್ ಹೆಚ್ಚು ಬಾಳುತ್ತದೆಂದು ಯಾರಿಗಾದರೂ ತೋಚುವುದು ಸಹಜ. ಆದರೆ ಅಲ್ಲಿ ಕೂತ ಉಪ್ಪನ್ನು ತೊಳೆಯಲು ಮಳೆಯೇ ಬರುವುದಿಲ್ಲ. ಮಳೆಗೆ ಮೈಯೊಡ್ಡಿ ನಿಂತ ಬೋಲ್ಟಿಗಿಂತ ಆಶ್ರಯದಲ್ಲಿರುವುದೇ ಬೇಗ ಬಿರುಕು ಬಿಡಬಹುದು.

‘ಹಾಗಿದ್ದರೆ 316 ಹಾಕೋಣ, ದೋಣಿಗಳಿಗೂ ಅದನ್ನೇ ಬಳಸುತ್ತಾರೆ’ ಎಂಬ ವಾದ ಮುಂದೆ ಬರುತ್ತದೆ. ವಾದದಲ್ಲಿ ಹುರುಳಿದೆ. 316ರಲ್ಲಿ ಎರಡು ಮೂರು ಪಾಲು ಮಾಲಿಬ್ಡಿನಂ ಇರುವುದರಿಂದ ಗುಳಿ ಬೀಳುವುದು ಕಡಿಮೆಯಾಗುತ್ತದೆ, ಸಾಧಾರಣ ಜಾಗಗಳಿಗೆ ಅದು ಉತ್ತಮ ಆಯ್ಕೆ. ಆದರೆ ದೋಣಿಯ ಲೋಹವನ್ನು ಅಲೆ, ಮಳೆ, ಮಾಲೀಕನ ಬಕೆಟ್ ನೀರು ತೊಳೆಯುತ್ತಲೇ ಇರುತ್ತವೆ, ಮತ್ತು ಅದು ಕಣ್ಣೆದುರಿಗಿರುತ್ತದೆ. ಬೋಲ್ಟಿನ ಮುಖ್ಯ ಭಾಗ ರಂಧ್ರದೊಳಗಿರುತ್ತದೆ, ಉಳಿದದ್ದು ಹಗ್ಗದ ಕೊಂಡಿ ಸಿಕ್ಕಿಸುವ ಹ್ಯಾಂಗರ್ ಎಂಬ ಲೋಹದ ಪಟ್ಟಿಯ ಬೆನ್ನಿಗೆ. ಬಿರುಕಿನ ಎದುರು 316 ಕೊಂಚ ಸಮಯ ಕೊಳ್ಳುತ್ತದೆ ಅಷ್ಟೆ. ಅದಕ್ಕೇ ಥಾಯ್ಲೆಂಡಿನ ತೀರದಲ್ಲಿ ಕ್ಲೋರೈಡಿಗೆ ಜಗ್ಗದ ಟೈಟಾನಿಯಂ ಬೋಲ್ಟುಗಳನ್ನು ಅಂಟಿನಿಂದ ಕೂರಿಸುವ ಪದ್ಧತಿ ಬಂತು. ಕೆರಿಬಿಯನ್ ಸಮುದ್ರದ ಕೇಮನ್ ಬ್ರಾಕ್ ದ್ವೀಪವೂ ಅದೇ ದಾರಿ ಹಿಡಿಯಿತು. ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟವಾದ ಯುಐಎಎ ಕೂಡ ತನ್ನ 123ನೇ ಮಾನದಂಡವನ್ನು ಪರಿಷ್ಕರಿಸಿ, ಬಲದ ಜೊತೆಗೆ ತುಕ್ಕು, ಬಿರುಕು ತಡೆಯುವ ದರ್ಜೆಯನ್ನೂ ಸೇರಿಸಿದೆ.

ಅನುಭವಸ್ಥರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಅಮೆರಿಕದ ಯೊಸೆಮಿಟಿಯ ಗ್ರಾನೈಟಿನಲ್ಲಿ 1960ರ ದಶಕದ ಕಾಲಿಂಚಿನ ಬಡ ಬೋಲ್ಟುಗಳೇ ದಶಕಗಟ್ಟಲೆ ಜನರನ್ನು ಹೊತ್ತವಲ್ಲ, ಈ ಲೋಹಶಾಸ್ತ್ರವೆಲ್ಲ ಯಾಕೆ? ನನ್ನ ಮಟ್ಟಿಗೆ ಈ ಆಕ್ಷೇಪ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ಒಣ ಬೇಸಿಗೆಯ, ಕಡಲಿನಿಂದ ದೂರದ ಗ್ರಾನೈಟಿನಲ್ಲಿ ಕೆಳದರ್ಜೆಯ ಉಕ್ಕು ಬಾಳಿತು, ಬಿಸಿ ಕಡಲ ತೀರದ ಸುಣ್ಣಕಲ್ಲಿನಲ್ಲಿ ಮೇಲ್ದರ್ಜೆಯದು ಬಾಳಲಿಲ್ಲ. ಅಂದಮೇಲೆ ಟೈಟಾನಿಯಮ್ಮನ್ನು ಎಲ್ಲ ಕಡೆಗೂ ಹಾಕಿ ಎನ್ನುವುದೂ ಮೂಢನಂಬಿಕೆಯೇ. ರಾಮನಗರದ ಗ್ರಾನೈಟಿಗಾಗಲಿ ಬಾದಾಮಿಯ ಮರಳುಗಲ್ಲಿಗಾಗಲಿ ಕಡಲ ಉಪ್ಪಿನ ಕಾಟವಿಲ್ಲ. ಒಳ್ಳೆಯ 316 ಅಲ್ಲಿ ಧಾರಾಳವಾಗಿ ಸಾಕು. ಮರಳುಗಲ್ಲಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಬಿಗಿದಂತೆ ಹಿಗ್ಗಿ ಕಚ್ಚಿಕೊಳ್ಳುವ ಬೋಲ್ಟ್ ತನ್ನ ಸೆಳೆತವನ್ನೆಲ್ಲ ರಂಧ್ರದ ಒಂದು ಸಣ್ಣ ಬಳೆಯಷ್ಟು ಜಾಗಕ್ಕೆ ಹೇರುತ್ತದೆ. ಕಲ್ಲು ಮೃದುವಾಗಿದ್ದರೆ ಅಲ್ಲಿ ಪುಡಿಯಾಗಿ ಹಿಡಿತ ಸಡಿಲುತ್ತದೆ. ಅಂಟಿನ ಬೋಲ್ಟ್ ಅದೇ ಭಾರವನ್ನು ರಂಧ್ರದ ಉದ್ದಕ್ಕೂ ಹಂಚುತ್ತದೆ.

ಹಾಗೆಂದು ಅಂಟು ಹಾಕಿದ ಮಾತ್ರಕ್ಕೆ ಶಾಶ್ವತವಲ್ಲ. ಡ್ರಿಲ್ ಹೊಡೆದ ರಂಧ್ರದ ಗೋಡೆಗೆ ಹಿಟ್ಟಿನಂಥ ಕಲ್ಲುಪುಡಿ ಮೆತ್ತಿಕೊಂಡಿರುತ್ತದೆ. ಊದಿ, ಬ್ರಷ್ಷಿನಿಂದ ತಿಕ್ಕಿ, ಮತ್ತೆ ಊದಿ ತೆಗೆಯದಿದ್ದರೆ ಅಂಟು ಹಿಡಿಯುವುದು ಕಲ್ಲನ್ನಲ್ಲ, ಪುಡಿಯನ್ನು. ನಟ್ಟನ್ನು ‘ಇನ್ನೊಂದು ಸುತ್ತು’ ಬಿಗಿಯುವ ಅಭ್ಯಾಸವೂ ಇಂಥದ್ದೇ: ತಯಾರಕರು ಹೇಳಿದ ಮಿತಿ ಮೀರಿದ ಪ್ರತಿ ಸುತ್ತೂ ಬಿರುಕಿಗೆ ಬೇಕಾದ ಸೆಳೆತವನ್ನೇ ಹೆಚ್ಚಿಸುತ್ತದೆ. ಸತು ಲೇಪದ ಅಗ್ಗದ ಬೋಲ್ಟಿಗೆ ಸ್ಟೇನ್‌ಲೆಸ್ ಹ್ಯಾಂಗರ್ ಜೋಡಿಸುವುದು ಉಳಿತಾಯವೆಂದುಕೊಂಡವರು ಇನ್ನೂ ಇದ್ದಾರೆ. ಎರಡು ಲೋಹಗಳ ನಡುವೆ ಮಳೆನೀರು ನಿಂತರೆ ಸಣ್ಣ ಬ್ಯಾಟರಿಯೇ ಸಿದ್ಧವಾಗುತ್ತದೆ, ಕರಗುವುದು ಯಾವಾಗಲೂ ಒಳಗಿರುವ ಬಡಪಾಯಿ ಬೋಲ್ಟ್.

ಇಷ್ಟಾದ ಮೇಲೂ ಉಳಿಯುವುದು ಬೆಲೆಯ ಮಾತು. ಟೈಟಾನಿಯಂ ಬೋಲ್ಟ್ ಸಾಧಾರಣ ಸ್ಟೀಲಿಗಿಂತ ಹಲವು ಪಟ್ಟು ದುಬಾರಿ. ಮಾರ್ಗ ಕೊರೆಯುವವರು ಬಹುಪಾಲು ಕೈಯಿಂದ ಹಣ ಹಾಕುವ ಹವ್ಯಾಸಿಗಳು. ಅಗ್ಗದ್ದನ್ನು ಹಾಕಿ ಬೇಕಾದಾಗ ಬದಲಾಯಿಸೋಣ ಎಂಬ ಅವರ ಲೆಕ್ಕವನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ‘ಬೇಕಾದಾಗ’ ಎಂದರೆ ಯಾವಾಗ? ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿದರೆ ಸಡಿಲ ಬೋಲ್ಟ್ ಗೊತ್ತಾದೀತು, ಒಳಬಿರುಕು ಗೊತ್ತಾಗದು. ಎಳೆದು ನೋಡಿದರೆ ಇವತ್ತು ತಡೆಯಿತು ಎಂಬುದಷ್ಟೇ ಸಾಬೀತಾಗುತ್ತದೆ. ಇನ್ನು ಬದಲಾಯಿಸುವ ಕೆಲಸ: ಕಚ್ಚಿಕೊಂಡ ಹಳೆಯ ಬೋಲ್ಟ್ ಹೊರಬರದಿದ್ದರೆ ಅದನ್ನು ಕೊಯ್ದು, ತುಂಡನ್ನು ಕಲ್ಲಿನಲ್ಲೇ ಬಿಟ್ಟು, ಗೇಣು ದೂರದಲ್ಲಿ ಹೊಸ ರಂಧ್ರ ಹೊಡೆಯಬೇಕು. ಹತ್ತುವವರ ಕೈ ತಲುಪುವಲ್ಲಿ, ಟೊಳ್ಳಿಲ್ಲದ, ಬಿರುಕಿಲ್ಲದ ಕಲ್ಲು ಒಂದು ಮಾರ್ಗದಲ್ಲಿ ಇರುವುದೇ ಅಷ್ಟು. ಎರಡು ಮೂರು ಸಲ ಬದಲಾಯಿಸಿದ ಮೇಲೆ ನಾಲ್ಕನೆಯ ಬೋಲ್ಟಿಗೆ ಹಣ ಹೊಂದಿಸಬಹುದು, ಜಾಗ ಹೊಂದಿಸಲಾಗದು.