ಅಂಡಾಣು ಸುಮ್ಮನೆ ಕಾದು ಕೂತಿರುವುದಿಲ್ಲ

ಕೋಟಿಗಟ್ಟಲೆ ವೀರ್ಯಾಣುಗಳು ಓಡುತ್ತವೆ, ಗೆದ್ದದ್ದು ಒಳನುಗ್ಗುತ್ತದೆ, ಜಡವಾಗಿದ್ದ ಅಂಡಾಣುವಿಗೆ ಆಗ ಜೀವ ಬರುತ್ತದೆ. ಫಲೀಕರಣವೆಂದರೆ ಇಷ್ಟೇ ಎಂಬುದು ಹಲವರ ನಂಬಿಕೆ. ನಿಜದಲ್ಲಿ ಬಲವಂತದ ಪ್ರವೇಶ ಇಲ್ಲಿ ನಡೆಯುವುದಿಲ್ಲ. ಅಂಡಾಣುವಿನ ಪೊರೆಯ ಮೇಲಿರುವ ಜೂನೋ ಎಂಬ ಪ್ರೊಟೀನು ವೀರ್ಯಾಣುವಿನ ಇಝುಮೋ ಪ್ರೊಟೀನನ್ನು ಹಿಡಿದುಕೊಳ್ಳದಿದ್ದರೆ ಎರಡು ಕೋಶಗಳು ಬೆಸೆಯುವುದೇ ಇಲ್ಲ. ಇದು 2014ರಲ್ಲಿ ಪತ್ತೆಯಾಯಿತು. ಬೆಸೆದ ಮೇಲೆ, ವೀರ್ಯಾಣು ತಂದ ಪಿಎಲ್‌ಸಿ ಝೀಟಾ ಎಂಬ ಕಿಣ್ವದಿಂದ ಐಪಿ3 ಎಂಬ ಪುಟ್ಟ ಅಣು ಹುಟ್ಟುತ್ತದೆ. ಅದರ ಸಂದೇಶ ತಲುಪಿದೊಡನೆ, ಅಂಡಾಣು ತನ್ನೊಳಗೆ ಕೂಡಿಟ್ಟುಕೊಂಡಿದ್ದ ಕ್ಯಾಲ್ಸಿಯಂ ಹೊರಬಿದ್ದು ಕೋಶದ ಉದ್ದಗಲಕ್ಕೂ ಅಲೆಯಾಗಿ ಹರಡುತ್ತದೆ. ಸಸ್ತನಿಗಳಲ್ಲಿ ಈ ಅಲೆ ಗಂಟೆಗಟ್ಟಲೆ ಮತ್ತೆ ಮತ್ತೆ ಏಳುತ್ತದೆ. ಅದರಿಂದಲೇ ಅಂಡಾಣುವಿನ ಅಂಚಿನಲ್ಲಿರುವ ಕಣಗಳು ಒಡೆದು, ಹೊರಕವಚ ಬದಲಾಗಿ, ಉಳಿದ ವೀರ್ಯಾಣುಗಳಿಗೆ ದಾರಿ ಮುಚ್ಚುತ್ತದೆ. ನಡುವೆ ನಿಂತಿದ್ದ ಕೋಶವಿಭಜನೆಯೂ ಮುಗಿಯುತ್ತದೆ.

ಮೊದಲ ಸಂದೇಶ ವೀರ್ಯಾಣುವಿನದೇ ಆದ್ದರಿಂದ ಜೀವ ಕೊಟ್ಟದ್ದೂ ಅದೇ ಅಲ್ಲವೇ ಎಂದು ಕೇಳಬಹುದು. ಇದಕ್ಕೆ ಉತ್ತರ 1899ರಷ್ಟು ಹಿಂದೆಯೇ ಸಿಕ್ಕಿತ್ತು. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಅಂಡಾಣುಗಳನ್ನು ಜೀವವಿಜ್ಞಾನಿ ಜಾಕ್ ಲೋಬ್ ಲವಣದ್ರಾವಣದಲ್ಲಿಟ್ಟು ನೋಡಿದಾಗ, ವೀರ್ಯಾಣುವಿನ ಸೋಂಕೂ ಇಲ್ಲದೆ ಅವು ಮರಿಹುಳುಗಳಾಗಿ ಬೆಳೆದವು. ಕ್ಯಾಲ್ಸಿಯಂ ಏರಿಸುವ ರಾಸಾಯನಿಕಗಳೂ ಅಂಡಾಣುವನ್ನು ಎಚ್ಚರಿಸಬಲ್ಲವು ಎಂದು 1970ರ ದಶಕದಲ್ಲಿ ಖಚಿತವಾಯಿತು. ಕ್ಯಾಲ್ಸಿಯಂ ದಾಸ್ತಾನು, ಅದನ್ನು ಬಿಡುವ ಬಾಗಿಲು, ಮುಂದಿನ ಪ್ರತಿಯೊಂದು ಕೆಲಸದ ಸಿದ್ಧತೆ, ಎಲ್ಲವೂ ಅಂಡಾಣುವಿನಲ್ಲಿ ಮೊದಲೇ ಇವೆ.

ಹಾಗೆಂದು ವೀರ್ಯಾಣು ಅನಗತ್ಯವೆನ್ನುವುದೂ ಅಷ್ಟೇ ತಪ್ಪು. ಸಸ್ತನಿಗಳ ಕೆಲವು ಜೀನುಗಳು ತಂದೆಯಿಂದ ಬಂದರೆ ಮಾತ್ರ ಕೆಲಸ ಮಾಡುತ್ತವೆ. ತಾಯಿಯ ವರ್ಣತಂತುಗಳಷ್ಟೇ ಇದ್ದ ಇಲಿಭ್ರೂಣಗಳು ಪೂರ್ತಿ ಬೆಳೆಯಲಾರವೆಂದು 1984ರ ಪ್ರಯೋಗಗಳು ತೋರಿಸಿದವು. ವೀರ್ಯಾಣು ವರ್ಣತಂತುಗಳನ್ನಷ್ಟೇ ಹೊತ್ತು ತರುತ್ತದೆ ಎಂಬ ಎಣಿಕೆಯೂ ನಿಲ್ಲುವುದಿಲ್ಲ. ವೀರ್ಯಾಣುವನ್ನು ನೇರವಾಗಿ ಅಂಡಾಣುವಿಗೆ ಚುಚ್ಚುವ ಇಕ್ಸಿ ಚಿಕಿತ್ಸೆ 1992ರಿಂದ ಇದೆ. ಅದು ಪದೇ ಪದೇ ವಿಫಲವಾದ ಕೆಲವು ದಂಪತಿಗಳಲ್ಲಿ, ಗಂಡಸಿನ ವೀರ್ಯಾಣುವಿನಲ್ಲಿ ಪಿಎಲ್‌ಸಿ ಝೀಟಾ ಇಲ್ಲದಿರುವುದೋ ಕೆಟ್ಟಿರುವುದೋ ಕಂಡುಬಂದಿದೆ. ಇಂಥ ಕಡೆ ಕ್ಯಾಲ್ಸಿಯಂ ಏರಿಸುವ ಔಷಧದಿಂದ ಅಂಡಾಣುವನ್ನು ಎಚ್ಚರಿಸಿ ಮಗು ಪಡೆದವರಿದ್ದಾರೆ. ಆ ಅಂಡಾಣುಗಳಲ್ಲಿ ಕೊರತೆಯೇನೂ ಇರಲಿಲ್ಲ, ಬರಬೇಕಾದ ಸಂದೇಶ ಬಂದಿರಲಿಲ್ಲ ಅಷ್ಟೇ. ಮಕ್ಕಳಾಗದಿದ್ದರೆ ತಪ್ಪನ್ನು ಮೊದಲು ಹೆಣ್ಣಿನ ಮೇಲೆ ಹೊರಿಸುವ ಮನೆಗಳು ಇಂದಿಗೂ ಕಡಿಮೆಯಿಲ್ಲ. ಆದ್ದರಿಂದ ಪರೀಕ್ಷೆ ಇಬ್ಬರಿಗೂ, ಮೊದಲ ದಿನದಿಂದಲೇ ನಡೆಯಬೇಕು.