ನೆಟ್ ಬರುತ್ತಿಲ್ಲವೇ? ದೋಷ ಎಲ್ಲಿದೆಯೆಂದು ಮೊದಲು ಹುಡುಕಿ

‘ನೆಟ್ ಬರ್ತಾ ಇಲ್ಲ’ ಎಂಬ ಒಂದು ದೂರಿನ ಹಿಂದೆ ಐದಾರು ಬೇರೆ ಬೇರೆ ಕಾರಣಗಳಿರಬಹುದು. ಬೀದಿಯಲ್ಲಿ ಕೇಬಲ್ ತುಂಡಾಗಿರಬಹುದು. ರೌಟರ್‌ನ ಅಡಾಪ್ಟರ್ ಸೋತಿರಬಹುದು. ವೈಫೈ ಒಳಕೋಣೆಯವರೆಗೆ ತಲುಪದಿರಬಹುದು. ಕಂಪ್ಯೂಟರಿನಲ್ಲೇ ಏನೋ ಕೆಟ್ಟಿರಬಹುದು. ಇವೆಲ್ಲ ಸರಿಯಿದ್ದೂ, ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡಬೇಕಾದ ಸರ್ವರ್ ಮೌನವಾಗಿರಬಹುದು. ಪ್ರತಿಯೊಂದಕ್ಕೂ ಮದ್ದು ಬೇರೆ. ನಾವು ಮಾತ್ರ ಎಲ್ಲದಕ್ಕೂ ರೌಟರ್ ಆಫ್ ಮಾಡಿ ಆನ್ ಮಾಡುತ್ತೇವೆ. ಸರಿಹೋಗದಿದ್ದರೆ ಯಾರಿಗಾದರೂ ಫೋನ್ ಮಾಡುತ್ತೇವೆ.

ಆ ‘ಯಾರಿಗಾದರೂ’ ಎಂಬಲ್ಲಿ ಅಪಾಯವಿದೆ. ಮೊಬೈಲಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ, ಮೊದಲು ಕಂಡದ್ದಕ್ಕೆ ಕರೆ ಮಾಡಿ, ಆ ಕಡೆ ಇದ್ದ ವಂಚಕ ಹೇಳಿದಂತೆಲ್ಲ ಕೇಳಿ ಹಣ ಕಳೆದುಕೊಂಡವರು ಇದ್ದಾರೆ. ದೋಷ ಎಲ್ಲಿದೆ ಎಂದು ಗೊತ್ತಿಲ್ಲದವರನ್ನು ಹೆದರಿಸುವುದು ಸುಲಭ. ಹಾಗಾಗಿ ದೋಷವನ್ನು ತಾವೇ ಪತ್ತೆಹಚ್ಚಲು ಕಲಿಯುವುದು ರಿಪೇರಿಯ ಮೊದಲ ಪಾಠ. ಆನ್‌ಲೈನ್ ಸುರಕ್ಷತೆಯ ಮೊದಲ ಪಾಠವೂ ಅದೇ. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ.

ನೆಟ್ ಬರುವ ದಾರಿ

ಇಂದು ಹೆಚ್ಚಿನ ಬ್ರಾಡ್‌ಬ್ಯಾಂಡ್ ಸಂಪರ್ಕಗಳು ಮನೆಗೆ ಬರುವುದು ಫೈಬರ್ ಮೂಲಕ. ಕಂಬದಿಂದ ಇಳಿದ ಕೇಬಲ್ಲಿನೊಳಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಇರುತ್ತದೆ. ಅದರಲ್ಲಿ ಮಾಹಿತಿ ಬೆಳಕಿನ ರೂಪದಲ್ಲಿ ಹರಿಯುತ್ತದೆ. ಆಪರೇಟರ್ ಗೋಡೆಗೆ ಹಾಕಿಹೋದ ಬಾಕ್ಸ್ ಆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಅದೇ ಬಾಕ್ಸಿನಲ್ಲಿ, ಅಥವಾ ಪಕ್ಕದ ಇನ್ನೊಂದರಲ್ಲಿ, ರೌಟರ್ ಇರುತ್ತದೆ. ಮನೆಯ ಪ್ರತಿ ಫೋನ್, ಟಿವಿ, ಲ್ಯಾಪ್‌ಟಾಪಿಗೂ ಅದು 192.168 ಎಂದು ಶುರುವಾಗುವಂಥ ಒಂದು ಒಳವಿಳಾಸ ಕೊಟ್ಟು, ಹೊರಗಿನಿಂದ ಬಂದದ್ದನ್ನು ಯಾರದ್ದು ಯಾರಿಗೆ ಎಂದು ಹಂಚುತ್ತದೆ. ಹಳೆಯ ಮಾದರಿಯ ಇಂಟರ್ನೆಟ್ ವಿಳಾಸಗಳು ಇಡೀ ಜಗತ್ತಿಗೆ ಇರುವುದೇ ಸುಮಾರು 430 ಕೋಟಿ. ಆದ್ದರಿಂದಲೇ ಮನೆಯ ಎಲ್ಲ ಉಪಕರಣಗಳೂ ಹೊರಗೆ ಒಂದೇ ವಿಳಾಸದಲ್ಲಿ ಕಾಣಿಸಿಕೊಳ್ಳುವ ಈ ಏರ್ಪಾಡು ಬಂತು.

ಅಂದರೆ ದಾರಿ ಹೀಗೆ: ಫೈಬರ್, ಬಾಕ್ಸ್, ರೌಟರ್, ವೈಫೈ, ಕಂಪ್ಯೂಟರ್. ತೋಟಕ್ಕೆ ನೀರು ಬರದಿದ್ದಾಗ ಮೋಟಾರಿನಿಂದ ಹಿಡಿದು ಒಂದೊಂದೇ ವಾಲ್ವ್ ನೋಡುತ್ತ ಬರುವಂತೆ, ಇಲ್ಲಿಯೂ ಒಂದೊಂದೇ ಹಂತ ನೋಡುತ್ತ ಬಂದರೆ ಸಾಕು.

ಲೈಟುಗಳನ್ನು ಓದುವುದು

ಬಾಕ್ಸಿನ ಮೇಲೆ ಮಿಣುಕುವ ಲೈಟುಗಳಲ್ಲಿ ಎರಡರ ಹೆಸರು ನೆನಪಿಟ್ಟುಕೊಳ್ಳಿ: ‘ಪಾನ್’ ಮತ್ತು ‘ಎಲ್‌ಒಎಸ್’. ಪಾನ್ ಎಡೆಬಿಡದೆ ಹಸಿರಾಗಿ ಉರಿಯುತ್ತಿದ್ದರೆ ಫೈಬರ್ ಸಂಪರ್ಕ ಸರಿಯಾಗಿದೆ. ಎಲ್‌ಒಎಸ್ ಕೆಂಪಾಗಿದ್ದರೆ, ಅಥವಾ ಕೆಂಪಾಗಿ ಮಿಣುಕುತ್ತಿದ್ದರೆ, ಬೆಳಕೇ ಬಾಕ್ಸನ್ನು ಮುಟ್ಟುತ್ತಿಲ್ಲ ಎಂದರ್ಥ. ಆಗ ಎಷ್ಟು ಸಲ ಆಫ್-ಆನ್ ಮಾಡಿದರೂ ಪ್ರಯೋಜನವಿಲ್ಲ. ಬಾಕ್ಸಿಗೆ ಸಿಕ್ಕಿಸಿದ ತೆಳ್ಳಗಿನ ವೈರು, ಸಾಮಾನ್ಯವಾಗಿ ಹಳದಿ ಬಣ್ಣದ್ದು, ಮೇಜು ಅಥವಾ ಬಾಗಿಲಿನ ಸಂದಿಗೆ ಸಿಕ್ಕಿ ಮಡಚಿದೆಯೇ ನೋಡಿ. ಗಾಜಿನ ಎಳೆ ತೀರಾ ಬಾಗಿದರೆ ಬೆಳಕು ಹೊರಗೆ ಸೋರಿಹೋಗುತ್ತದೆ. ಅಲ್ಲಿ ತೊಂದರೆ ಕಾಣದಿದ್ದರೆ ಆಪರೇಟರ್‌ಗೆ ಫೋನ್ ಮಾಡಿ ‘ಎಲ್‌ಒಎಸ್ ಕೆಂಪು ಇದೆ’ ಎಂದು ಹೇಳಿ. ತುಂಡಾದ ಫೈಬರ್ ಜೋಡಿಸುವ ಸಲಕರಣೆ ತೆಗೆದುಕೊಂಡೇ ಹುಡುಗ ಬರುತ್ತಾನೆ. ನೋಡಿಹೋಗಲು ಒಮ್ಮೆ, ಜೋಡಿಸಲು ಇನ್ನೊಮ್ಮೆ ಬರುವುದು ತಪ್ಪುತ್ತದೆ.

ಆ ವೈರನ್ನು ಕಳಚಿದರೆ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ. ಒಂದಿಷ್ಟು ಜಿಡ್ಡು, ಧೂಳು ಸಾಕು ಸಂಕೇತ ಕುಂದಲು. ತುದಿಯೊಳಗೆ ಕಣ್ಣಿಟ್ಟು ನೋಡಲೂಬೇಡಿ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಎಲ್ಲ ಲೈಟುಗಳೂ ಒಮ್ಮೆಲೇ ಆರಿ ಮತ್ತೆ ಹತ್ತುತ್ತಿದ್ದರೆ, ದಿನಕ್ಕೆ ಹಲವು ಸಲ ರೌಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದರೆ, ಮೊದಲ ಅನುಮಾನ ಅಡಾಪ್ಟರ್ ಮೇಲಿರಲಿ. ಹೊಸದು ತರುವಾಗ ವೋಲ್ಟೇಜ್ ಹಳೆಯದರಷ್ಟೇ ಇರಬೇಕು, ಸಾಮಾನ್ಯವಾಗಿ 12 ವೋಲ್ಟ್. ಆಂಪಿಯರ್ ಹಳೆಯದರಷ್ಟು ಅಥವಾ ಹೆಚ್ಚಿರಬಹುದು, ಕಡಿಮೆ ಇರಬಾರದು. ಪಿನ್ನಿನ ಪ್ಲಸ್-ಮೈನಸ್ ಗುರುತೂ ಹೊಂದಬೇಕು. ಹಳೆಯ ಅಡಾಪ್ಟರನ್ನೇ ಅಂಗಡಿಗೆ ಒಯ್ದರೆ ಗೊಂದಲವಿಲ್ಲ. ಮಳೆಗಾಲದ ಸಿಡಿಲಿಗೂ ಅಡಾಪ್ಟರೇ ದಾರಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ಕರೆಂಟಿನ ಲೈನಿನಿಂದ ಅಡಾಪ್ಟರ್ ಮೂಲಕ ಸಿಡಿಲು ರೌಟರನ್ನು ಸುಡಬಲ್ಲದು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡುವ ಮಲೆನಾಡಿನ ಮನೆಗಳ ರೂಢಿ ಫೈಬರ್ ಬಂದ ಮೇಲೂ ಸರಿಯೇ.

ಆಫ್-ಆನ್ ಏಕೆ ಕೆಲಸ ಮಾಡುತ್ತದೆ?

ರೌಟರ್ ಕೂಡ ಒಂದು ಸಣ್ಣ ಕಂಪ್ಯೂಟರ್. ವಾರಗಟ್ಟಲೆ ಓಡುತ್ತಿದ್ದರೆ ಅದರ ಮೆಮೊರಿ ತುಂಬುತ್ತದೆ, ತಂತ್ರಾಂಶ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಕರೆಂಟು ತೆಗೆದರೆ ಎಲ್ಲ ಮರೆತು ಹೊಸದಾಗಿ ಶುರುಮಾಡುತ್ತದೆ. ಆಫ್ ಮಾಡಿದ ಮೇಲೆ ಅರ್ಧ ನಿಮಿಷ ಕಾಯಿರಿ. ಒಳಗೆ ಉಳಿದ ಚಾರ್ಜ್ ಪೂರ್ತಿ ಇಳಿಯಲಿ. ಆನ್ ಮಾಡಿದ ಮೇಲೆ ಎರಡು-ಮೂರು ನಿಮಿಷ ಸುಮ್ಮನಿರಿ.

ಹಿಂಬದಿಯ ಚಿಕ್ಕ ತೂತಿನೊಳಗಿನ ‘ರೀಸೆಟ್’ ಗುಂಡಿ ಬೇರೆಯೇ ವಿಷಯ. ಅದನ್ನು ಪಿನ್ನಿನಿಂದ ಒತ್ತಿ ಹಿಡಿದರೆ ಆಪರೇಟರ್ ಹಾಕಿದ ಲಾಗಿನ್ ವಿವರ, ನೀವಿಟ್ಟ ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತವೆ. ಆ ವಿವರಗಳು ಕೈಯಲ್ಲಿಲ್ಲದೆ ಅದನ್ನು ಮುಟ್ಟಬೇಡಿ.

ಮೂರು ಪಿಂಗ್

ಲೈಟುಗಳೆಲ್ಲ ಸರಿಯಿವೆ, ಆದರೂ ನೆಟ್ ಇಲ್ಲ. ಮನೆಯ ಇನ್ನೊಂದು ಫೋನಿನಲ್ಲಿ, ಅದರ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಮೂಲಕ ನೋಡಿ. ಅದರಲ್ಲಿ ಬಂದರೆ ತೊಂದರೆ ಇರುವುದು ನಿಮ್ಮ ಕಂಪ್ಯೂಟರಿನಲ್ಲಿ.

ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಟೈಪಿಸಿ. ವಿಳಾಸ 169.254 ಎಂದು ಶುರುವಾಗಿದ್ದರೆ ರೌಟರ್‌ನಿಂದ ಅದಕ್ಕೆ ವಿಳಾಸವೇ ಸಿಕ್ಕಿಲ್ಲ. ವೈಫೈ ‘ಫರ್ಗೆಟ್’ ಮಾಡಿ, ಪಾಸ್‌ವರ್ಡ್ ಕೊಟ್ಟು ಮತ್ತೆ ಸೇರಿಸಿ. ವಿಳಾಸ ಸರಿಯಿದ್ದರೆ ಅಲ್ಲೇ ‘ಡಿಫಾಲ್ಟ್ ಗೇಟ್‌ವೇ’ ಎಂದು ಕಾಣುವುದು ರೌಟರ್‌ನ ವಿಳಾಸ. ಇನ್ನು, ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ‘ಪಿಂಗ್’ ಆದೇಶವನ್ನು ಮೂರು ಸಲ ಕೊಡಿ: ಮೊದಲು ಆ ಗೇಟ್‌ವೇ ವಿಳಾಸಕ್ಕೆ, ಆಮೇಲೆ 8.8.8.8 ಎಂಬ ಗೂಗಲ್ ಸರ್ವರಿಗೆ, ಕೊನೆಗೆ ಗೂಗಲ್ ಡಾಟ್ ಕಾಮ್ ಎಂಬ ಹೆಸರಿಗೆ.

ಮೊದಲನೆಯದಕ್ಕೇ ಉತ್ತರ ಬರದಿದ್ದರೆ ದೋಷ ಕಂಪ್ಯೂಟರ್ ಮತ್ತು ರೌಟರ್ ನಡುವೆ ಇದೆ, ಅಂದರೆ ವೈಫೈ ಅಥವಾ ವೈರಿನಲ್ಲಿ. ಮೊದಲನೆಯದು ಬಂದು ಎರಡನೆಯದು ನಿಂತರೆ ದೋಷ ರೌಟರ್‌ನಿಂದಾಚೆ, ಆಪರೇಟರ್ ಕಡೆ. ಬಿಲ್ ಕಟ್ಟುವ ದಿನ ದಾಟಿದೆಯೇ ಎಂದೂ ನೋಡಿಕೊಳ್ಳಿ. ಎರಡೂ ಬಂದು ಮೂರನೆಯದು ಮಾತ್ರ ನಿಂತರೆ ಕೈಕೊಟ್ಟಿರುವುದು ಡಿಎನ್‌ಎಸ್. ಕಂಪ್ಯೂಟರುಗಳು ಅಂಕಿಗಳಲ್ಲಿ ವಿಳಾಸ ಬರೆಯುತ್ತವೆ, ನಾವು ಹೆಸರು ಬರೆಯುತ್ತೇವೆ. ಹೆಸರನ್ನು ಅಂಕಿಗೆ ಬದಲಿಸಿಕೊಡುವ ಈ ವ್ಯವಸ್ಥೆಯನ್ನು 1983ರಲ್ಲಿ ಅಮೆರಿಕದ ಪಾಲ್ ಮೋಕಪೆಟ್ರಿಸ್ ರೂಪಿಸಿದರು. ಆಪರೇಟರ್‌ನ ಡಿಎನ್‌ಎಸ್ ಸರ್ವರ್ ಸೋತಾಗ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಅದರ ಜಾಗಕ್ಕೆ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಬರೆದರೆ ನೆಟ್ ಮರಳುತ್ತದೆ.

ನಿಧಾನವಾದರೆ

ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ನೇರ ರೌಟರಿಗೆ ಸೇರಿಸಿ ವೇಗ ನೋಡಿ. ಅಲ್ಲಿ ಚೆನ್ನಾಗಿದ್ದರೆ ವೈಫೈ ಸೊರಗಿದೆ ಎಂದು ತೀರ್ಮಾನ. ವೈಫೈ ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಓಡುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಗಳ ರೌಟರ್, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಇದೇ ಪಟ್ಟಿಯಲ್ಲಿ ನುಗ್ಗಾಡುತ್ತವೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಒಂದೆರಡು ಗೋಡೆಗೇ ಸುಸ್ತಾಗುತ್ತದೆ. ರೌಟರ್ ಇರುವ ಕೋಣೆಯಲ್ಲಿ ಎರಡನೆಯದನ್ನು, ದೂರದ ಕೋಣೆಯಲ್ಲಿ ಮೊದಲನೆಯದನ್ನು ಬಳಸಿ. ಅಪಾರ್ಟ್‌ಮೆಂಟ್‌ನಲ್ಲಿದ್ದರೆ 2.4ರಲ್ಲಿ ಒಂದರ ಮೇಲೊಂದು ಬೀಳದ 1, 6, 11 ಎಂಬ ಚಾನೆಲ್‌ಗಳಲ್ಲಿ ಜನ ಕಡಿಮೆಯಿರುವುದನ್ನು ಆರಿಸಿ. ರೌಟರನ್ನು ಬೀರುವಿನೊಳಗೆ, ಟಿವಿಯ ಹಿಂದೆ ಅಡಗಿಸದೆ ಮನೆಯ ನಡುವೆ, ಎತ್ತರದಲ್ಲಿಡಿ. ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆ, ಕಾಂಕ್ರೀಟ್ ತಾರಸಿ ದಾಟಬೇಕಾದಲ್ಲಿ ಲ್ಯಾನ್ ಕೇಬಲ್ ಎಳೆದು ಆ ಕಡೆ ಇನ್ನೊಂದು ವೈಫೈ ಬಾಕ್ಸ್ ಇಡುವುದೇ ಗಟ್ಟಿ ಪರಿಹಾರ. ಆ ಕೇಬಲ್ 100 ಮೀಟರ್‌ವರೆಗೆ ಧಾರಾಳವಾಗಿ ಸಾಗುತ್ತದೆ.

ಇನ್ನೊಂದು ಲೆಕ್ಕ ತಿಳಿದಿರಲಿ. ‘100 ಎಂಬಿಪಿಎಸ್’ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಫೈಲ್ ಇಳಿಯುವ ವೇಗ ಹೆಚ್ಚೆಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಅಷ್ಟು ಬರುತ್ತಿದ್ದರೆ ನಿಮಗೆ ಮೋಸವಾಗಿಲ್ಲ.

ಕಂಪ್ಯೂಟರಿನ ತಾರೀಖು ತಪ್ಪಿದಾಗ

ಹಳೆಯ ಡೆಸ್ಕ್‌ಟಾಪ್‌ನಲ್ಲಿ ನೆಟ್ ಇದ್ದರೂ ಯಾವ ಸೈಟ್ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತಿದ್ದರೆ ಮೂಲೆಯ ಗಡಿಯಾರ ನೋಡಿ. ತಾರೀಖು ಹಲವು ವರ್ಷ ಹಿಂದಿನದಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯ ಪ್ರಮಾಣಪತ್ರ ಇರುತ್ತದೆ. ಕಂಪ್ಯೂಟರ್ ಹಳೆಯ ಕಾಲದಲ್ಲಿದ್ದರೆ ಆ ಪತ್ರವನ್ನು ಅದು ಒಪ್ಪುವುದಿಲ್ಲ. ಕರೆಂಟು ತೆಗೆದು, ‘ಸಿಆರ್2032’ ಎಂಬ ಬ್ಯಾಟರಿ ಹಾಕಿ, ತಾರೀಖು ಸರಿಪಡಿಸಿದರೆ ಕೆಲಸ ಮುಗಿಯಿತು. ತಾರೀಖು ಸರಿಯಿದ್ದೂ ಬ್ಯಾಂಕಿನ ಸೈಟಿನಲ್ಲಿ ಆ ಎಚ್ಚರಿಕೆ ಬಂದರೆ ಮುಂದೆ ಹೋಗಬೇಡಿ. ಬೀಗದ ಚಿಹ್ನೆ ಕಂಡಿತೆಂದು ನಂಬಿಯೂ ಬಿಡಬೇಡಿ. ನಡುದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ ಅದರರ್ಥ, ಸೈಟ್ ನಡೆಸುವವರು ಪ್ರಾಮಾಣಿಕರು ಎಂದಲ್ಲ.

ರೌಟರ್‌ನ ಭದ್ರತೆ

ರೌಟರಿಗೆ ಎರಡು ಪಾಸ್‌ವರ್ಡ್‌ಗಳಿರುತ್ತವೆ. ಒಂದು ವೈಫೈ ಸೇರಲು. ಅದು ಎಲ್ಲರಿಗೂ ಗೊತ್ತು. ಇನ್ನೊಂದು ರೌಟರ್‌ನ ಸೆಟ್ಟಿಂಗ್ಸ್ ತೆರೆಯಲು. ಅದು ಎಷ್ಟೋ ಮನೆಗಳಲ್ಲಿ ಕಾರ್ಖಾನೆಯಿಂದ ಬಂದಾಗಿನ ‘ಅಡ್ಮಿನ್’ ಎಂದೇ ಉಳಿದಿರುತ್ತದೆ. ಇದರ ಬೆಲೆ ಏನೆಂದು 2016ರಲ್ಲಿ ಜಗತ್ತು ಕಂಡಿತು. ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಕಾರ್ಖಾನೆಯ ಇಂಥ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳೊಳಗೆ ಹೊಕ್ಕಿತು. ಅಕ್ಟೋಬರ್ 21ರಂದು ಹೀಗೆ ವಶವಾದ ಉಪಕರಣಗಳು ‘ಡೈನ್’ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಸೈಟುಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ಸಿಗದಾದವು. ಮಾಲೀಕರಿಗೆ ತಮ್ಮ ಮನೆಯ ಕ್ಯಾಮೆರಾ ದಾಳಿಯಲ್ಲಿ ಪಾಲುಗೊಂಡದ್ದು ತಿಳಿಯಲೇ ಇಲ್ಲ.

ರೌಟರ್‌ನ ಡಿಎನ್‌ಎಸ್ ವಿಳಾಸವನ್ನೇ ಬದಲಿಸುವ ಕಳ್ಳರೂ ಇದ್ದಾರೆ. ಆಗ ನೀವು ಬ್ಯಾಂಕಿನ ಹೆಸರನ್ನು ಸರಿಯಾಗಿಯೇ ಬರೆದರೂ ತಲುಪುವುದು ನಕಲಿ ಪುಟಕ್ಕೆ. ಆದ್ದರಿಂದ ಈ ಐದು ಕೆಲಸ ಮಾಡಿ:

1. ಸೆಟ್ಟಿಂಗ್ಸ್ ತೆರೆಯುವ ಪಾಸ್‌ವರ್ಡ್ ಬದಲಿಸಿ, ಮನೆಯ ಒಂದು ಪುಸ್ತಕದಲ್ಲಿ ಬರೆದಿಡಿ.
2. ವೈಫೈ ಭದ್ರತೆ ‘ಡಬ್ಲ್ಯುಪಿಎ2’ ಅಥವಾ 2018ರಲ್ಲಿ ಬಂದ ‘ಡಬ್ಲ್ಯುಪಿಎ3’ ಇರಲಿ. ‘ಡಬ್ಲ್ಯುಇಪಿ’ ಎಂಬ ಹಳೆಯ ವಿಧಾನ 2001ರಲ್ಲೇ ಮುರಿದುಬಿದ್ದಿದೆ.
3. ಪಾಸ್‌ವರ್ಡ್ ಉದ್ದವಾಗಿರಲಿ. ಸಂಬಂಧವಿಲ್ಲದ ನಾಲ್ಕು ಪದಗಳನ್ನು ಜೋಡಿಸಿದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ. ಮೊಬೈಲ್ ನಂಬರ್ ಬೇಡವೇ ಬೇಡ.
4. ‘ಡಬ್ಲ್ಯುಪಿಎಸ್’ ಮತ್ತು ‘ರಿಮೋಟ್ ಮ್ಯಾನೇಜ್‌ಮೆಂಟ್’ ಆಯ್ಕೆಗಳು ತೆರೆದಿದ್ದರೆ ಮುಚ್ಚಿ. ಆಪರೇಟರ್ ತಮಗೆ ಬೇಕೆಂದು ಇಟ್ಟಿದ್ದಾರೆಯೇ ಎಂದು ಕೇಳಿಕೊಳ್ಳಿ.
5. ನೆಂಟರಿಗೆ, ಬಾಡಿಗೆಯವರಿಗೆ, ಸಿಸಿಟಿವಿಗೆ ‘ಗೆಸ್ಟ್’ ವೈಫೈ ಬೇರೆಯೇ ಕೊಡಿ.

ಭದ್ರತೆಗೆ ರೌಟರಿಗೂ ಕಂಪ್ಯೂಟರಿಗೂ ಅಪ್‌ಡೇಟ್ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರು ಬದಲಾವಣೆಯ ಯೋಚನೆ ಮಾಡಲೇಬೇಕು.

ಫೋನ್ ಮಾಡುವ ಮೊದಲು

ಆಪರೇಟರ್‌ನ ನಂಬರನ್ನು ಬಿಲ್ಲಿನಿಂದ ಅಥವಾ ಅವರದೇ ಆ್ಯಪ್‌ನಿಂದ ತೆಗೆದುಕೊಳ್ಳಿ, ಹುಡುಕಾಟದಲ್ಲಿ ಕಂಡದ್ದರಿಂದಲ್ಲ. ಫೈಬರ್ ಸರಿಮಾಡಲು ಒಟಿಪಿ ಬೇಕಿಲ್ಲ, ಯುಪಿಐ ಪಿನ್ ಬೇಕಿಲ್ಲ. ಪಿನ್ ಒತ್ತುವುದು ನಿಮ್ಮ ಹಣ ಹೊರಗೆ ಹೋಗಲಿಕ್ಕೆ. ಹಣ ಬರಲು ಅದು ಎಂದೂ ಬೇಡ. ನಿಮ್ಮ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಎನಿಡೆಸ್ಕ್ ಎಂಬ ಅಂಥದೊಂದು ಆ್ಯಪ್ ವಂಚನೆಗೆ ಬಳಕೆಯಾಗುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ್ಯಪ್ ತಪ್ಪಿಲ್ಲದ್ದೇ ಇರಬಹುದು. ಆದರೆ ನಿಮಗೆ ಬರುವ ಒಟಿಪಿಯನ್ನು ಆ ಕಡೆಯವನು ಓದಬಲ್ಲ.

ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಆಗ ಅವಕಾಶವಿರುತ್ತದೆ. ಒಂದೊಂದು ಗಂಟೆಗೂ ಆ ಅವಕಾಶ ಕಿರಿದಾಗುತ್ತದೆ.

ಇದಕ್ಕೆಲ್ಲ ಸಿದ್ಧತೆ ನೆಟ್ ಚೆನ್ನಾಗಿರುವ ದಿನವೇ ಆಗಬೇಕು. ರೌಟರ್‌ನ ಲೈಟುಗಳ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸರಿಯಿದ್ದಾಗ ಹೇಗಿತ್ತು ಎಂದು ಗೊತ್ತಿದ್ದರೆ ಕೆಟ್ಟಾಗ ಹೋಲಿಸಿ ನೋಡಬಹುದು. ಗ್ರಾಹಕ ಸಂಖ್ಯೆ, ಆಪರೇಟರ್‌ನ ನಂಬರ್, 1930 ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ರೌಟರ್ ಪಕ್ಕ ಅಂಟಿಸಿ. ಮನೆಯಲ್ಲಿ ಹಗಲು ಒಬ್ಬರೇ ಇರುವ ಅಮ್ಮನಿಗೋ ಅಜ್ಜನಿಗೋ ಎಲ್‌ಒಎಸ್ ಲೈಟ್ ಯಾವುದೆಂದು ತೋರಿಸಿಕೊಡಿ. ‘ನಿಮ್ಮ ನೆಟ್‌ವರ್ಕ್ ಹ್ಯಾಕ್ ಆಗಿದೆ, ನಾವು ಹೇಳಿದ ಹಾಗೆ ಮಾಡಿ’ ಎಂಬ ಕರೆ ಬಂದ ದಿನ, ಹೇಳಿದ್ದನ್ನು ಮಾಡುವ ಬದಲು ಫೋನ್ ಇಟ್ಟು, ಆ ಚೀಟಿಯಲ್ಲಿರುವ ನಂಬರಿಗೆ ತಾವೇ ಕರೆ ಮಾಡಿ ಕೇಳುವ ಧೈರ್ಯ ಅವರಿಗೆ ಅದರಿಂದ ಬರುತ್ತದೆ.